ಊರೂರು ತಿರುಗುವ ಗಾಯಕರಿಗೆ ಹಗುರವಾದ ಲ್ಯಾಪ್‌ಟಾಪ್ ಲೂಪಿಂಗ್ ವ್ಯವಸ್ಥೆ: ಯಾವುದನ್ನು ಹೊರಬೇಕು, ಯಾವುದನ್ನು ಬಿಡಬೇಕು?

ಶಿರಾಗೇಟ್ (ತುಮಕೂರು)

ಎಲ್ಲರಿಗೂ ನಮಸ್ಕಾರ. ನಾನು ಗಿಟಾರ್ ನುಡಿಸಿಕೊಂಡು ಜನಪದ ಗೀತೆಗಳನ್ನೂ ತತ್ವಪದಗಳನ್ನೂ ಹಾಡುತ್ತೇನೆ. ಜೊತೆಯಲ್ಲಿ ತಮಟೆ ಬಾರಿಸುವ ಒಬ್ಬ ಹಿರಿಯರು ಇರುತ್ತಾರೆ, ಅಷ್ಟೇ ನಮ್ಮ ತಂಡ. ಮಧುಗಿರಿ, ಪಾವಗಡ, ಚಿಂತಾಮಣಿ, ಮುಳಬಾಗಿಲು ಕಡೆಯ ಕಾರ್ಯಕ್ರಮಗಳಿಗೆ ಸಾಮಾನ್ಯವಾಗಿ ಬಸ್ಸಿನಲ್ಲಿಯೇ ಹೋಗಿ ಬರುತ್ತೇವೆ. ವೇದಿಕೆಯ ಮೇಲೆಯೇ ಒಂದು ಸಾಲು ನುಡಿಸಿ, ಅದು ತಾನಾಗಿ ಸುತ್ತುತ್ತಿರುವಂತೆ ಬಿಟ್ಟು, ಅದರ ಮೇಲೆ ಮತ್ತೊಂದು ದನಿಯ ಪದರವನ್ನು ಕೂಡಿಸುತ್ತ ಹಾಡುವ ಲೈವ್ ಲೂಪಿಂಗ್ ನಮ್ಮಂತಹ ಸಣ್ಣ ತಂಡಕ್ಕೆ ಬಹಳ ಹೊಂದುತ್ತದೆ ಎಂಬುದು ನನ್ನ ನಂಬಿಕೆ.

ಗಿಟಾರ್ ಬಿಟ್ಟು ಉಳಿದೆಲ್ಲವೂ ಒಂದೇ ಬೆನ್ನುಚೀಲದಲ್ಲಿ, ನಾಲ್ಕು ಕೆ.ಜಿ.ಯೊಳಗೆ ಇರಬೇಕು. ನಿರೂಪಕರು ಮುಂದಿನ ತಂಡವನ್ನು ಪರಿಚಯಿಸಿ ಮುಗಿಸುವಷ್ಟರಲ್ಲಿ ಎಲ್ಲವನ್ನೂ ಜೋಡಿಸಿ ನಿಲ್ಲುವಂತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಾಡಿನ ನಡುವೆ ಕರೆಂಟ್ ಹೋಗಿ ಜನರೇಟರ್ ಶುರುವಾಗುವವರೆಗೆ ಏನೂ ಕೆಡಬಾರದು. ಲೂಪರ್ ಪೆಡಲ್ (ಕಾಲಿನಿಂದ ಒತ್ತಿ ಲೂಪ್ ಮಾಡುವ ಪೆಟ್ಟಿಗೆ) ಕೊಳ್ಳುವುದು ಒಳ್ಳೆಯದೋ, ಬಳಸಿದ ಲ್ಯಾಪ್‌ಟಾಪ್ ಕೊಂಡು ಅದರ ಸುತ್ತ ಕಟ್ಟಿಕೊಳ್ಳುವುದು ಒಳ್ಳೆಯದೋ ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಬೆಸುಗೆ (ಕೆ.ಜಿ.ಎಫ್.)

ಶಿರಾಗೇಟ್ ಅವರೇ, ನೀವು ಕೊನೆಗೆ ಹೇಳಿದ ಕರೆಂಟಿನ ಮಾತನ್ನೇ ಮೊದಲು ಇಟ್ಟುಕೊಂಡು ಯೋಚಿಸಿದರೆ ಉಳಿದ ಆಯ್ಕೆಗಳು ತಾವಾಗಿ ಸರಿಹೋಗುತ್ತವೆ. ಚೀಲದೊಳಗಿನ ಪ್ರತಿಯೊಂದು ಅಡಾಪ್ಟರ್ ಒಂದು ತೂಕವೂ ಹೌದು, ವೇದಿಕೆಯ ಮೇಲೆ ಕೈಕೊಡಬಹುದಾದ ಒಂದು ಜಾಗವೂ ಹೌದು. ಗೋಡೆಯ ಪ್ಲಗ್ಗಿನಿಂದ ನಡೆಯುವ ಲೂಪರ್ ಪೆಡಲ್, ಮಿಕ್ಸರ್, ಪರಿಣಾಮಗಳ ಪೆಟ್ಟಿಗೆ ಇವೆಲ್ಲ ಕರೆಂಟ್ ಹೋದ ಕ್ಷಣವೇ ನಿಂತುಹೋಗುತ್ತವೆ. ಉಳಿಸಿಕೊಳ್ಳದ ಲೂಪ್ ಕೂಡ ಅದರ ಜೊತೆಗೇ ಹೋಗುತ್ತದೆ. ಲ್ಯಾಪ್‌ಟಾಪ್‌ಗೆ ತನ್ನದೇ ಬ್ಯಾಟರಿ ಇದೆ. ಆಡಿಯೊ ಇಂಟರ್‌ಫೇಸ್ (ಮೈಕ್, ಗಿಟಾರಿನ ದನಿಯನ್ನು ಕಂಪ್ಯೂಟರಿಗೆ ತಂದು ಮತ್ತೆ ಹೊರಗೆ ಕಳುಹಿಸುವ ಪೆಟ್ಟಿಗೆ) ಮತ್ತು ಫುಟ್‌ಸ್ವಿಚ್ (ಲೂಪನ್ನು ಕಾಲಿನಿಂದ ನಡೆಸುವ ಗುಂಡಿಗಳು) ಎರಡೂ ಯು.ಎಸ್.ಬಿ.ಯಿಂದಲೇ ವಿದ್ಯುತ್ ಪಡೆಯುವಂಥವಾದರೆ ನಿಮ್ಮ ಇಡೀ ವ್ಯವಸ್ಥೆ ಒಂದೇ ಬ್ಯಾಟರಿಯ ಮೇಲೆ ನಿಲ್ಲುತ್ತದೆ. ಮೈಕ್ ಸೆಟ್ ಸತ್ತರೂ ಲೂಪ್ ಲ್ಯಾಪ್‌ಟಾಪಿನ ಒಳಗೆ ಬದುಕಿರುತ್ತದೆ. ಈ ಒಂದು ಕಾರಣಕ್ಕಾಗಿಯೇ ನಮ್ಮ ಜಿಲ್ಲೆಗಳ ವೇದಿಕೆಗಳಿಗೆ ನಾನು ಲ್ಯಾಪ್‌ಟಾಪನ್ನೇ ಸೂಚಿಸುತ್ತೇನೆ.

ಯಂತ್ರದ ವಿಷಯದಲ್ಲಿ ಹಲವರು ಮೊದಲು ಮೆಮೊರಿಯನ್ನು ಕೇಳುತ್ತಾರೆ, ಆದರೆ ಲೂಪಿಂಗ್‌ಗೆ ಅದು ದೊಡ್ಡ ಪ್ರಶ್ನೆಯೇ ಅಲ್ಲ. ಸೆಕೆಂಡಿಗೆ 48,000 ಸ್ಯಾಂಪಲ್ (ದನಿಯ ಅಳತೆಗಳು), 24 ಬಿಟ್, ಒಂದೇ ಚಾನೆಲ್ ಎಂದು ಇಟ್ಟುಕೊಂಡರೆ ಒಂದು ನಿಮಿಷದ ದನಿಗೆ 8.64 ಮೆಗಾಬೈಟ್ ಸಾಕು. 8 ಜಿ.ಬಿ. ಮೆಮೊರಿ ಮತ್ತು ಎಸ್.ಎಸ್.ಡಿ. ಇರುವ ಯಂತ್ರದಲ್ಲಿ ಜಾಗದ ಕೊರತೆ ಬರುವುದಿಲ್ಲ. ನಿಜವಾಗಿ ನೋಡಬೇಕಾದದ್ದು ಬ್ಯಾಟರಿ, ಬಿಸಿ ಮತ್ತು ಡ್ರೈವರ್ (ಸಾಧನವನ್ನು ಕಂಪ್ಯೂಟರಿಗೆ ಹೊಂದಿಸುವ ತಂತ್ರಾಂಶ). ಥಿಂಕ್‌ಪ್ಯಾಡ್ ಎಕ್ಸ್270 ಮತ್ತು ಟಿ480 ಮಾದರಿಗಳಲ್ಲಿ ಒಳಗೊಂದು, ಹೊರಗೊಂದು ಎಂದು ಎರಡು ಬ್ಯಾಟರಿಗಳಿರುತ್ತವೆ. ಯಂತ್ರ ಓಡುತ್ತಿರುವಾಗಲೇ ಹೊರಗಿನದನ್ನು ತೆಗೆದು ಬೇರೆಯದನ್ನು ಹಾಕಬಹುದು. ಸ್ವಲ್ಪ ಹೆಚ್ಚು ಹಣ ಹಾಕುವುದಾದರೆ 2020ರ ಎಂ1 ಮ್ಯಾಕ್‌ಬುಕ್ ಏರ್ 1.29 ಕೆ.ಜಿ. ತೂಗುತ್ತದೆ ಮತ್ತು ಅದರಲ್ಲಿ ಫ್ಯಾನ್ ಇಲ್ಲದ ಕಾರಣ ಜಾತ್ರೆಯ ಧೂಳನ್ನು ಒಳಕ್ಕೆ ಎಳೆದುಕೊಳ್ಳುವುದೂ ಇಲ್ಲ. ಆದರೆ ಫ್ಯಾನ್ ಇಲ್ಲದ ಯಂತ್ರವನ್ನು ನೇರ ಬಿಸಿಲಿನಲ್ಲಿಟ್ಟರೆ ಅದು ತನ್ನನ್ನು ತಂಪಾಗಿಡಲು ವೇಗ ಇಳಿಸಿಕೊಳ್ಳುತ್ತದೆ. ಸಂಜೆ ನಾಲ್ಕರ ಬಿಸಿಲಿಗೆ ಮುಖ ಮಾಡಿದ ವೇದಿಕೆಗಳಲ್ಲಿ ಇದು ಸಣ್ಣ ವಿಷಯವಲ್ಲ.

ಇನ್ನು ಬಫರ್, ಅಂದರೆ ಕಂಪ್ಯೂಟರ್ ದನಿಯನ್ನು ಒಮ್ಮೆಗೆ ಕೂಡಿಸಿಕೊಳ್ಳುವ ಕಂತು. ಅದು ದೊಡ್ಡದಾದಷ್ಟೂ ದನಿ ತಡವಾಗುತ್ತದೆ, ತೀರಾ ಸಣ್ಣದಾದರೆ ಸದ್ದು ಒಡೆಯುತ್ತದೆ. 48,000ದ ದರದಲ್ಲಿ 64 ಸ್ಯಾಂಪಲ್ ಬಫರ್ ಎಂದರೆ 1.33 ಮಿಲಿಸೆಕೆಂಡ್, 128 ಎಂದರೆ 2.67, 256 ಎಂದರೆ 5.33. ಇದು ಒಂದು ದಾರಿಯ ಲೆಕ್ಕ ಮಾತ್ರ. ಒಳಬಂದು ಹೊರಹೋಗುವಷ್ಟರಲ್ಲಿ ಇದರ ಎರಡರಷ್ಟಕ್ಕೆ ಇಂಟರ್‌ಫೇಸಿನ ಸ್ವಂತ ವಿಳಂಬವೂ ಸೇರುತ್ತದೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ ಮೂರು ಮೀಟರ್ ಆಚೆಯ ಸ್ಪೀಕರ್ ನಿಮ್ಮ ಕಿವಿಗೆ ಹೇಗಿದ್ದರೂ 9 ಮಿಲಿಸೆಕೆಂಡ್ ತಡವಾಗಿಯೇ ಕೇಳಿಸುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ, ಅತಿ ಸಣ್ಣ ಬಫರಿಗಾಗಿ ಹಟ ಹಿಡಿದು ವೇದಿಕೆಯ ಮೇಲೆ ಚಟಚಟ ಸದ್ದು ಕೇಳಿಸಿಕೊಳ್ಳುವ ಅಗತ್ಯವಿಲ್ಲ ಎಂಬುದು ತಿಳಿಯುತ್ತದೆ. ನಿಮ್ಮ ದನಿಗೆ ಕಂಪ್ಯೂಟರಿನ ಪರಿಣಾಮಗಳು ಬೇಡವೆಂದಾದರೆ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಗುಂಡಿಯನ್ನು ಒತ್ತಿಬಿಡಿ. ಆಗ ನಿಮ್ಮ ದನಿ ಕಂಪ್ಯೂಟರನ್ನು ಸುತ್ತಿ ಬರದೆ ನೇರವಾಗಿ ಹೊರಗೆ ಹೋಗುತ್ತದೆ, ಕಂಪ್ಯೂಟರ್ ಲೂಪ್‌ಗಳನ್ನು ಮಾತ್ರ ನುಡಿಸುತ್ತದೆ. 256ರಲ್ಲಿ ನಿಶ್ಚಿಂತೆಯಿಂದ ಹಾಡಬಹುದು. ಇನ್ನೊಂದು ಲಾಭವೆಂದರೆ, ತಂತ್ರಾಂಶ ಸ್ಥಗಿತಗೊಂಡರೂ ಇಂಟರ್‌ಫೇಸಿಗೆ ವಿದ್ಯುತ್ ಇರುವವರೆಗೆ ಮೈಕ್ ಕೆಲಸ ಮಾಡುತ್ತಿರುತ್ತದೆ.

ವಿಂಡೋಸ್ ಬಳಸುವುದಾದರೆ ಇಂಟರ್‌ಫೇಸಿನ ತಯಾರಕರೇ ಕೊಟ್ಟ ಏಸಿಯೊ (ವಿಳಂಬ ಕಡಿಮೆ ಇರುವ) ಡ್ರೈವರ್ ಇರುವ ಮಾದರಿಯನ್ನೇ ಆರಿಸಿ. ಬೆಹ್ರಿಂಗರ್ ಯು.ಎಂ.ಸಿ.204ಎಚ್.ಡಿ., ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2, ಮೋಟು ಎಂ2 ಇವೆಲ್ಲ ಯು.ಎಸ್.ಬಿ.ಯಿಂದಲೇ ನಡೆಯುತ್ತವೆ. ಇವುಗಳಲ್ಲಿ ಮೊದಲನೆಯದಕ್ಕೆ ನಾಲ್ಕು ಹೊರದಾರಿಗಳಿವೆ. ತಾಳದ ಕ್ಲಿಕ್ ನಿಮ್ಮ ಕಿವಿಗೆ ಮಾತ್ರ ಬಂದು ಸಭಿಕರಿಗೆ ಹೋಗದಂತೆ ಮಾಡಲು ಅದು ಅನುಕೂಲ.

ಮೈಕ್‌ಸೆಟ್ (ಮಧುಗಿರಿ)

ನಾನು ಧ್ವನಿವರ್ಧಕದ ಕೆಲಸದವನು. ಲ್ಯಾಪ್‌ಟಾಪ್ ಹಿಡಿದು ಬರುವ ಕಲಾವಿದರು ಹೆಚ್ಚುತ್ತಿದ್ದಾರೆ, ಅದು ಸಂತೋಷದ ವಿಷಯವೇ. ಆದರೆ ನಮ್ಮ ಕಡೆಯಿಂದ ನೋಡಿದರೆ ಕೆಲವು ಮಾತುಗಳನ್ನು ಹೇಳಲೇಬೇಕು.

ದನಿ ಮತ್ತು ಲೂಪ್ ಎರಡನ್ನೂ ಒಂದೇ ದಾರಿಯಲ್ಲಿ ಬೆರೆಸಿ ಕಳುಹಿಸಬೇಡಿ. ಒಂದು ದಾರಿಯಲ್ಲಿ ಹಾಡುವ ದನಿ, ಇನ್ನೊಂದರಲ್ಲಿ ಲೂಪ್‌ಗಳು ಬಂದರೆ ಲೂಪ್ ಜೋರಾಗಿ ಸಾಹಿತ್ಯ ಮುಚ್ಚಿಹೋಗುವಾಗ ನಾವು ಅಲ್ಲಿಂದಲೇ ಸರಿಪಡಿಸಬಹುದು. ಬೆರೆತು ಬಂದದ್ದನ್ನು ಬಿಡಿಸಲು ಯಾರಿಂದಲೂ ಸಾಧ್ಯವಿಲ್ಲ. ಬೆಸುಗೆಯವರು ಹೇಳಿದ ಡೈರೆಕ್ಟ್ ಮಾನಿಟರ್ ಹಾಕುವವರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಅದರಲ್ಲಿ ಮೋನೊ ಆಯ್ಕೆ ಮಾಡಿದರೆ ದನಿ ಎರಡೂ ದಾರಿಗೆ ಹರಿಯುತ್ತದೆ. ಸ್ಟೀರಿಯೊ ಆಯ್ಕೆ ಮಾಡಿ ಮೈಕನ್ನು ಮೊದಲನೆಯ ಇನ್‌ಪುಟ್‌ಗೆ ಚುಚ್ಚಿದರೆ ದನಿ ಎಡದ ದಾರಿಯಲ್ಲಿ ಮಾತ್ರ ಬರುತ್ತದೆ. ಲೂಪನ್ನು ತಂತ್ರಾಂಶದಲ್ಲಿ ಪೂರ್ತಿ ಬಲಕ್ಕೆ ತಿರುಗಿಸಿಬಿಟ್ಟರೆ ಎರಡೂ ಬೇರೆ ಬೇರೆಯಾಗಿ ನಮ್ಮ ಕೈಗೆ ಸಿಗುತ್ತವೆ. ಗಿಟಾರನ್ನು ಎರಡನೆಯ ಇನ್‌ಪುಟ್‌ಗೆ ಚುಚ್ಚಿದರೆ ಅದು ಬಲಕ್ಕೆ, ಲೂಪಿನ ಜೊತೆಗೆ ಸೇರುತ್ತದೆ, ಅದರಿಂದ ತೊಂದರೆಯಿಲ್ಲ.

ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ ಕೂಡಲೇ ಸ್ಪೀಕರಿನಲ್ಲಿ ‘ಗುಂಯ್’ ಎಂಬ ಸದ್ದು ಬರುತ್ತದೆ. ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಮತ್ತು ಅದರ ಗುಣಿತಗಳು ಅರ್ಥಿಂಗಿನ ಸುತ್ತುದಾರಿಯಲ್ಲಿ ಒಳಬರುವುದೇ ಇದಕ್ಕೆ ಕಾರಣ. ಹಾಡುವಷ್ಟು ಹೊತ್ತು ಬ್ಯಾಟರಿಯ ಮೇಲೆಯೇ ನಡೆಸಿದರೆ ಇದು ಬಹುಪಾಲು ಇಲ್ಲವಾಗುತ್ತದೆ. ಆದರೂ ಒಂದು ಡಿ.ಐ. ಬಾಕ್ಸ್ (ನಿಮ್ಮ ಸಾಧನಕ್ಕೂ ನಮ್ಮ ಮಿಕ್ಸರಿಗೂ ನಡುವೆ ಹಾಕುವ ಪುಟ್ಟ ಪೆಟ್ಟಿಗೆ) ಚೀಲದಲ್ಲಿರಲಿ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಬಾಕ್ಸ್‌ಗೆ ವಿದ್ಯುತ್ ಬೇಕಿಲ್ಲ. ಅದು ಸದ್ದನ್ನೂ ತಡೆಯುತ್ತದೆ, ನಮ್ಮ ಮಿಕ್ಸರಿನ 48 ವೋಲ್ಟ್ ಫ್ಯಾಂಟಮ್ (ಕೆಲವು ಮೈಕುಗಳಿಗೆ ಕೇಬಲಿನಲ್ಲಿಯೇ ಕಳುಹಿಸುವ ವಿದ್ಯುತ್) ನಿಮ್ಮ ಇಂಟರ್‌ಫೇಸಿನ ಹೊರದಾರಿಗೆ ಹಿಮ್ಮುಖವಾಗಿ ನುಗ್ಗದಂತೆಯೂ ಕಾಯುತ್ತದೆ. ಹಲವು ಸಣ್ಣ ಮಿಕ್ಸರುಗಳಲ್ಲಿ ಫ್ಯಾಂಟಮ್ ಗುಂಡಿ ಎಲ್ಲ ಚಾನೆಲ್‌ಗಳಿಗೂ ಸೇರಿ ಒಂದೇ ಇರುತ್ತದೆ, ಆದ್ದರಿಂದ ಇದು ಕಲಾವಿದರ ಜವಾಬ್ದಾರಿಯೂ ಹೌದು.

ಪ್ರಾಣಕ್ಕೆ ಸಂಬಂಧಿಸಿದ ಒಂದು ವಿಷಯವನ್ನು ಒತ್ತಿ ಹೇಳುತ್ತೇನೆ. ಸರಿಯಾದ ಅರ್ಥ್ ಇಲ್ಲದ ಜನರೇಟರ್ ಇರುವ ಕಡೆ ಗಿಟಾರಿನ ತಂತಿಯನ್ನು ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಜುಮ್ಮೆನ್ನುತ್ತದೆ. ಜುಮ್ಮೆಂದರೆ ಅದನ್ನು ಸಹಿಸಿಕೊಂಡು ಹಾಡಬೇಡಿ. ಕೂಡಲೇ ಚಾರ್ಜರನ್ನು ತೆಗೆಸಿ, ಮೈಕ್ ಸೆಟ್‌ನವರನ್ನು ಕರೆದು ಪರೀಕ್ಷೆ ಮಾಡಿಸಿ. ಆ ಮೇಲೆ ಮುಂದುವರಿಸಿದರಾಯಿತು.

ಶಿರಾಗೇಟ್ (ತುಮಕೂರು)

ಬೆಸುಗೆಯವರಿಗೂ ಮೈಕ್‌ಸೆಟ್ ಅಣ್ಣನವರಿಗೂ ಹೃತ್ಪೂರ್ವಕ ವಂದನೆಗಳು. ಹಾಗಾದರೆ ಲ್ಯಾಪ್‌ಟಾಪ್ ಎಂದೇ ನಿರ್ಧರಿಸುತ್ತೇನೆ. ಇನ್ನು ತಂತ್ರಾಂಶದ ಪ್ರಶ್ನೆ. ನಮ್ಮ ಪದಗಳಲ್ಲಿ ಆದಿತಾಳ, ರೂಪಕದ ನಡೆಗಳ ಜೊತೆಗೆ ಮಿಶ್ರಛಾಪುವಿನ ಏಳು ಅಕ್ಷರದ ನಡೆಯೂ ಬರುತ್ತದೆ. ನಾಲ್ಕರ ಲೆಕ್ಕವನ್ನು ಮಾತ್ರ ತಿಳಿದ ತಂತ್ರಾಂಶ ನಮಗೆ ಉಪಯೋಗಕ್ಕೆ ಬರುವುದಿಲ್ಲ.

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಹಣದ ಲೆಕ್ಕದಿಂದ ಆರಂಭಿಸುತ್ತೇನೆ. ರೀಪರ್ ಎಂಬ ತಂತ್ರಾಂಶವನ್ನು 60 ದಿನ ಉಚಿತವಾಗಿ ಪರೀಕ್ಷಿಸಬಹುದು, ಆ ಬಳಿಕ ಸಣ್ಣ ಪ್ರಮಾಣದ ಬಳಕೆದಾರರಿಗೆ ಅದರ ಪರವಾನಗಿಗೆ 60 ಡಾಲರ್. ಅದರ ಜೊತೆಯಲ್ಲಿಯೇ ಸೂಪರ್8 ಎಂಬ ಎಂಟು ಚಾನೆಲ್‌ಗಳ ಲೂಪರ್ ಬರುತ್ತದೆ, ಅದನ್ನು ಮಿಡಿ (ಸಂಗೀತ ಸಾಧನಗಳು ಆಜ್ಞೆ ಕಳುಹಿಸುವ ಪದ್ಧತಿ) ಫುಟ್‌ಸ್ವಿಚ್‌ನಿಂದ ನಡೆಸಬಹುದು. ಲಿನಕ್ಸ್ ಅಥವಾ ಮ್ಯಾಕ್ ಬಳಸುವವರಿಗೆ ಸೂಪರ್‌ಲೂಪರ್ ಎಂಬ ಮುಕ್ತ ತಂತ್ರಾಂಶವಿದೆ. ಏಬಲ್ಟನ್ ಲೈವ್‌ನಲ್ಲಿ 2009ರ ಎಂಟನೆಯ ಆವೃತ್ತಿಯಿಂದ ಲೂಪರ್ ಎಂಬ ಸಾಧನವಿದೆ. ಮೂರರಲ್ಲಿ ಇದೇ ಹೆಚ್ಚು ಬೆಲೆಯದು, ಆದರೆ ನೀವು ಮೊದಲು ನುಡಿಸಿದ ಲೂಪಿನ ಉದ್ದದಿಂದಲೇ ಇಡೀ ಹಾಡಿನ ಗತಿಯನ್ನು ತಾನಾಗಿ ನಿರ್ಧರಿಸಿಕೊಳ್ಳುವ ಗುಣ ಅದರಲ್ಲಿದೆ. ಏಳಕ್ಷರದ ನಡೆಗೆ ಮಾತ್ರ ಅದರ ಊಹೆಯನ್ನು ನಂಬದೆ, ಹಾಡಿನ ಕಡತದಲ್ಲಿ ಮೊದಲೇ 7/8 ಎಂದು ನಮೂದಿಸಿ, ಎಷ್ಟು ಆವರ್ತನ ದಾಖಲಾಗಬೇಕೆಂಬುದನ್ನೂ ಗೊತ್ತುಮಾಡಿ ಇಟ್ಟುಕೊಳ್ಳುವುದು ಕ್ಷೇಮ.

ತಂತ್ರಾಂಶ ಯಾವುದೇ ಇರಲಿ, ಮನೆಯಲ್ಲಿಯೇ ಮಾಡಿ ಮುಗಿಸಬೇಕಾದ ಒಂದು ಕೆಲಸವಿದೆ. ಲೂಪನ್ನು ಕೇಳುತ್ತ ನೀವು ನುಡಿಸಿದ ಎರಡನೆಯ ಪದರವು ವಿಳಂಬದಷ್ಟು ತಡವಾಗಿಯೇ ಕಂಪ್ಯೂಟರಿಗೆ ತಲುಪುತ್ತದೆ. ತಂತ್ರಾಂಶವು ಡ್ರೈವರ್ ಹೇಳಿದ ವಿಳಂಬವನ್ನು ಕಳೆದು ಆ ಪದರವನ್ನು ಹಿಂದಕ್ಕೆ ಸರಿಸಿ ಕೂರಿಸುತ್ತದೆ. ಡ್ರೈವರ್ ಹೇಳಿದ ಲೆಕ್ಕವೇ ತಪ್ಪಾಗಿದ್ದರೆ ಪದರ ಸರಿಯಾದ ಜಾಗಕ್ಕೆ ಬರುವುದಿಲ್ಲ. ಮೂರನೆಯ ಪದರವನ್ನು ನೀವು ಎರಡನೆಯದರ ಜಾಡು ಹಿಡಿದು ನುಡಿಸಿದರೆ ಅದು ಇನ್ನಷ್ಟು ಹಿಂದೆ ಬೀಳುತ್ತದೆ. ಕೇಳುಗರಿಗೆ ಕಾರಣ ತಿಳಿಯದಿದ್ದರೂ ತಾಳ ಎಳೆದಂತೆ ಅನಿಸುತ್ತದೆ, ನುಡಿಸುವವರು ತಮ್ಮ ಕೈಯನ್ನೇ ಅನುಮಾನಿಸಲಾರಂಭಿಸುತ್ತಾರೆ.

ಇದರ ಪರೀಕ್ಷೆ ಸುಲಭ. ಇಂಟರ್‌ಫೇಸಿನ ಹೊರದಾರಿಯಿಂದ ಅದರದೇ ಇನ್‌ಪುಟ್‌ಗೆ ಒಂದು ಕೇಬಲ್ ಹಾಕಿ. ಡೈರೆಕ್ಟ್ ಮಾನಿಟರ್ ಆಫ್ ಆಗಿರಲಿ. ಒಂದು ಟ್ರ್ಯಾಕಿನಿಂದ ಕ್ಲಿಕ್ ನುಡಿಸಿ ಇನ್ನೊಂದು ಟ್ರ್ಯಾಕಿನಲ್ಲಿ ದಾಖಲಿಸಿಕೊಂಡು, ಅಲೆಯ ಚಿತ್ರವನ್ನು ಚೆನ್ನಾಗಿ ಹಿಗ್ಗಿಸಿ ನೋಡಿ. ಎರಡೂ ಕ್ಲಿಕ್ ಒಂದರ ಕೆಳಗೊಂದು ನಿಂತಿದ್ದರೆ ಡ್ರೈವರ್ ಸತ್ಯ ಹೇಳುತ್ತಿದೆ. ಅಂತರ ಕಂಡರೆ ಅದನ್ನು ಅಳೆದು, ಲೈವ್‌ನಲ್ಲಾದರೆ ಡ್ರೈವರ್ ಎರರ್ ಕಾಂಪನ್ಸೇಶನ್ ಎಂಬಲ್ಲಿ, ರೀಪರ್‌ನಲ್ಲಾದರೆ ರೆಕಾರ್ಡಿಂಗ್ ಆಯ್ಕೆಗಳಲ್ಲಿರುವ ಆಫ್‌ಸೆಟ್ ಎಂಬಲ್ಲಿ ತುಂಬಿ, ಪುನಃ ಪರೀಕ್ಷಿಸಿ. ಬಫರ್ ಗಾತ್ರ ಬದಲಿಸಿದಾಗಲೆಲ್ಲ ಇದನ್ನು ಮತ್ತೊಮ್ಮೆ ಮಾಡುವುದು ಒಳ್ಳೆಯದು. ಲೂಪರಿನ ಒಳಗೇ ತನ್ನದೇ ವಿಳಂಬದ ಲೆಕ್ಕವಿರುವ ತಂತ್ರಾಂಶಗಳಲ್ಲಿ ಅದನ್ನೂ ಇದೇ ರೀತಿ ತಾಳೆ ನೋಡಬೇಕು.

ತಮಟೆಕೈ (ಶಿಡ್ಲಘಟ್ಟ)

ನನಗೆ ಯಂತ್ರದ ತಿಳಿವಳಿಕೆ ಕಡಿಮೆ, ತಮಟೆ ಬಾರಿಸುವವನಾಗಿ ಒಂದು ಮಾತು ಹೇಳುತ್ತೇನೆ. ಶಿರಾಗೇಟ್ ಅವರ ಜೊತೆಗಿರುವ ಹಿರಿಯರ ಬಗ್ಗೆ ಇಲ್ಲಿ ಯಾರೂ ಕೇಳಲಿಲ್ಲ. ನಮ್ಮ ಜಿಲ್ಲೆಯ ತಮಟೆ ಕಲಾವಿದರಾದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಗೌರವ ಬಂದಾಗ ನಾವೆಲ್ಲ ನಮ್ಮ ಮನೆಗೇ ಬಂದಷ್ಟು ಸಂಭ್ರಮಪಟ್ಟೆವು. ಅಂತಹ ವಾದ್ಯವನ್ನು ಲೂಪಿನ ಹಿಂದೆ ಓಡುವ ಗಡಿಯಾರವನ್ನಾಗಿ ಮಾಡಬಾರದು. ತಮಟೆಯವನು ಹಾಡುಗಾರನ ಉಸಿರನ್ನು ನೋಡಿ ಗತಿ ಏರಿಸುತ್ತಾನೆ, ಇಳಿಸುತ್ತಾನೆ. ಲೂಪ್ ಯಾರ ಮುಖವನ್ನೂ ನೋಡುವುದಿಲ್ಲ.

ಎರಡನೆಯದು, ಚರ್ಮದ ವಿಷಯ. ಬೆಂಕಿಗೆ ಹಿಡಿದು ಕಾಯಿಸಿದಾಗ ತಮಟೆಯ ಚರ್ಮ ಬಿಗಿಯಾಗಿ ನಾದ ಕಟ್ಟುತ್ತದೆ, ತಂಪು ಹತ್ತುತ್ತಿದ್ದಂತೆ ಸಡಿಲವಾಗಿ ನಾದ ಇಳಿಯುತ್ತದೆ. ಕಾಯಿಸಿದ ಕೂಡಲೇ ಬಾರಿಸಿದ್ದನ್ನು ಲೂಪಿನಲ್ಲಿ ಹಿಡಿದಿಟ್ಟು, ಅದರ ಮೇಲೆ ಅದೇ ತಮಟೆಯನ್ನು ಇಳಿದ ನಾದದಲ್ಲಿ ಬಾರಿಸಿದರೆ ಎರಡೂ ಜಗಳವಾಡುತ್ತವೆ. ನಂದಿಬೆಟ್ಟದ ಸುತ್ತಲಿನ ಚಳಿಗಾಲದ ರಾತ್ರಿಗಳಲ್ಲಿ ಇದು ಒಂದೇ ಹಾಡಿನ ಅವಧಿಯಲ್ಲಿ ಕಿವಿಗೆ ತಿಳಿಯುತ್ತದೆ.

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಅಣ್ಣ, ನಿಮ್ಮ ಮಾತು ನೂರಕ್ಕೆ ನೂರು ಸತ್ಯ, ಮತ್ತು ಅದು ವ್ಯವಸ್ಥೆಯನ್ನು ಕಟ್ಟುವ ರೀತಿಯನ್ನೇ ಬದಲಿಸುವಂಥದ್ದು. ತಮಟೆಯನ್ನು ಲೂಪ್ ಮಾಡುವುದೇ ಬೇಡ. ಲೂಪಿನಲ್ಲಿ ಇರಬೇಕಾದದ್ದು ತಂಬೂರಿಯಂತಹ ಶ್ರುತಿ, ಗಿಟಾರಿನ ಉದ್ದನೆಯ ಸ್ವರಗಳು, ಸೊಲ್ಲನ್ನು ಎತ್ತಿಕೊಡುವ ಹಿಮ್ಮೇಳದ ದನಿ. ಶ್ರುತಿಗೂ ಉದ್ದನೆಯ ಸ್ವರಕ್ಕೂ ತಾಳದ ಅಂಚು ಇರುವುದಿಲ್ಲವಾದ್ದರಿಂದ ತಮಟೆ ಗತಿ ಏರಿಸಿದರೂ ಅವು ಅಡ್ಡ ಬರುವುದಿಲ್ಲ. ತಾಳಬದ್ಧವಾದ ಲೂಪ್ ಬೇಕೇ ಬೇಕು ಎನ್ನುವ ಹಾಡಿನಲ್ಲಿ ಕ್ಲಿಕ್ ಇಲ್ಲದೆ, ತಮಟೆಯವರ ನಡೆಯನ್ನು ಕೇಳುತ್ತ ಕಾಲಿನಿಂದಲೇ ಲೂಪನ್ನು ತೆರೆದು ಮುಚ್ಚಿ, ಅದೇ ಲೂಪನ್ನು ಒಂದು ಇಯರ್‌ಫೋನಿನಲ್ಲಿ ಅವರಿಗೂ ಕೊಡಿ. ಚರಣ ಮುಗಿದಲ್ಲಿ ಲೂಪ್ ನಿಲ್ಲಲಿ, ಪಲ್ಲವಿಗೆ ಹೊಸದಾಗಿ ಹಿಡಿಯಿರಿ. ಗತಿ ಏರಿದ್ದರೆ ಹೊಸ ಲೂಪ್ ಏರಿದ ಗತಿಯಲ್ಲಿಯೇ ಹುಟ್ಟುತ್ತದೆ.

ಏಕತಾರಿ (ಕೈವಾರ)

ಕೈವಾರ ತಾತಯ್ಯನವರ (ಯೋಗಿ ನಾರೇಯಣರ) ಪದಗಳನ್ನು ಹಾಡುವ ನನ್ನಂತಹವರಿಗೆ ಈ ಶ್ರುತಿಯ ಲೂಪ್ ಒಂದೇ ಸಾಕು ಎನಿಸುತ್ತದೆ. ನಾನು ಅಷ್ಟನ್ನೇ ಬಳಸುತ್ತೇನೆ. ಒಂದು ಎಚ್ಚರಿಕೆ ಮಾತ್ರ ಸೇರಿಸುತ್ತೇನೆ. ವೇದಿಕೆಯ ಮೇಲಿನ ಮಾನಿಟರ್ ಸ್ಪೀಕರಿನ ಸದ್ದು ಮೈಕಿನೊಳಗೆ ನುಗ್ಗಿದರೆ, ಹೊಸ ಪದರದ ಜೊತೆಗೆ ಹಳೆಯ ಪದರವೂ ಮತ್ತೊಮ್ಮೆ ದಾಖಲಾಗುತ್ತದೆ. ನಾಲ್ಕನೆಯ ಪದರದ ಹೊತ್ತಿಗೆ ಎಲ್ಲವೂ ಕಲಸಿ, ಕಡೆಗೆ ಮೈಕ್ ಕೂಗಿಕೊಳ್ಳುತ್ತದೆ. ಕಾರ್ಡಿಯಾಯ್ಡ್ ಮೈಕುಗಳು ಬೆನ್ನ ಕಡೆಯಿಂದ ಬರುವ ಸದ್ದನ್ನು ಬಹಳ ಕಡಿಮೆ ಹಿಡಿಯುವುದರಿಂದ ಮಾನಿಟರನ್ನು ಮೈಕಿನ ಬಾಲದ ನೇರಕ್ಕೆ ಇಡಿಸಬೇಕು, ಇಲ್ಲವೇ ಇಯರ್‌ಫೋನ್ ಹಾಕಿಕೊಂಡು ಮಾನಿಟರನ್ನೇ ಬೇಡವೆನ್ನಬೇಕು. ನಾನು ಎರಡನೆಯದನ್ನೇ ಮಾಡುತ್ತೇನೆ, ಒಂದು ಕಿವಿಗೆ ಮಾತ್ರ. ಇನ್ನೊಂದು ಕಿವಿ ಸಭೆಗೆ ತೆರೆದಿರಬೇಕು. ಮೈಕನ್ನು ಸ್ವಂತಕ್ಕೆ ಇಟ್ಟುಕೊಳ್ಳಿ. ಶೂರ್ ಎಸ್.ಎಂ.58 ತೂಗುವುದು 298 ಗ್ರಾಂ ಮಾತ್ರ.

ಶಿರಾಗೇಟ್ (ತುಮಕೂರು)

ಅಕ್ಕ, ಒಂದು ಕಿವಿಯ ಸಲಹೆ ಬಹಳ ಹಿಡಿಸಿತು. ತಮಟೆಕೈ ಅವರೇ, ನಿಮ್ಮ ಬರಹವನ್ನು ನಮ್ಮ ಹಿರಿಯರಿಗೆ ಓದಿ ಹೇಳಿದೆ. ಚರ್ಮದ ಮಾತನ್ನು ಕೇಳಿ ಅವರು ತಲೆದೂಗಿದರು.

ಟಿ480, ನಾಲ್ಕು ಹೊರದಾರಿಯ ಇಂಟರ್‌ಫೇಸ್, ರೀಪರ್, ಒಂದು ಡಿ.ಐ. ಬಾಕ್ಸ್, ಸ್ವಂತ ಮೈಕ್ ಎಂದು ತೀರ್ಮಾನಿಸಿದ್ದೇನೆ. ಫುಟ್‌ಸ್ವಿಚ್‌ಗೆ ಎಫ್.ಸಿ.ಬಿ.1010 ನೋಡಿದೆ, ಆದರೆ ಹತ್ತು ಗುಂಡಿ ಮತ್ತು ಎರಡು ಪೆಡಲ್‌ಗಳಿರುವ ಅದು ಬೆನ್ನುಚೀಲಕ್ಕೆ ಹಿಡಿಸುವಂಥದ್ದಲ್ಲ, ಕರೆಂಟನ್ನೂ ಗೋಡೆಯಿಂದಲೇ ಬೇಡುತ್ತದೆ. ನನಗೆ ನಾಲ್ಕು ಗುಂಡಿ ಸಾಕು. ನಾನೇ ಕಟ್ಟಿಕೊಳ್ಳಬಹುದೇ? ಮತ್ತೊಂದು ಪ್ರಶ್ನೆ: ಕರೆಂಟ್ ಹೋದಾಗ ಲ್ಯಾಪ್‌ಟಾಪ್ ನಿಲ್ಲುವುದಿಲ್ಲ ಎಂಬುದು ಸರಿ, ಆ ಕ್ಷಣದಲ್ಲಿ ಸದ್ದು ಒಡೆಯುವುದಿಲ್ಲವೇ?

ಬೆಸುಗೆ (ಕೆ.ಜಿ.ಎಫ್.)

ಒಡೆಯುತ್ತದೆ, ಮೊದಲೇ ಸಿದ್ಧಪಡಿಸದಿದ್ದರೆ. ಚಾರ್ಜರ್ ಕಳಚಿದ ಕೂಡಲೇ ವಿಂಡೋಸ್ ವಿದ್ಯುತ್ ಉಳಿಸುವ ಕ್ರಮಕ್ಕೆ ಜಾರಿ ಪ್ರೊಸೆಸರಿನ ವೇಗ ಇಳಿಸುತ್ತದೆ, ಅಲ್ಲಿಯವರೆಗೆ ಶುಭ್ರವಾಗಿದ್ದ ದನಿ ಚಟಗುಟ್ಟತೊಡಗುತ್ತದೆ. ಪವರ್ ಆಯ್ಕೆಗಳಲ್ಲಿ ಬ್ಯಾಟರಿ ಮತ್ತು ಪ್ಲಗ್ ಎಂದು ಎರಡು ಸಾಲುಗಳಿರುತ್ತವೆ; ಎರಡರಲ್ಲಿಯೂ ಪ್ರೊಸೆಸರಿನ ಕನಿಷ್ಠ ಮಟ್ಟವನ್ನು 100 ಎಂದಿಡಿ, ಯು.ಎಸ್.ಬಿ. ಸೆಲೆಕ್ಟಿವ್ ಸಸ್ಪೆಂಡ್ ಎಂಬುದನ್ನು ನಿಲ್ಲಿಸಿ, ಯಂತ್ರ ನಿದ್ದೆಗೆ ಹೋಗುವುದನ್ನು ತಡೆಯಿರಿ. ವೈಫೈ ಮತ್ತು ಬ್ಲೂಟೂತ್ ವೇದಿಕೆಯ ಮೇಲೆ ಆಫ್ ಇರಲಿ. ಯಾವ ಡ್ರೈವರ್ ಅಡ್ಡಿ ಮಾಡುತ್ತಿದೆ ಎಂಬುದನ್ನು ಲೇಟೆನ್ಸಿಮಾನ್ ಎಂಬ ಉಚಿತ ತಂತ್ರಾಂಶ ತೋರಿಸಿಕೊಡುತ್ತದೆ. ಇಷ್ಟಾದ ಮೇಲೆ ಮನೆಯಲ್ಲಿ ಮೂರು ಪದರದ ಲೂಪ್ ಓಡುತ್ತಿರುವಾಗ ಚಾರ್ಜರನ್ನು ಕಿತ್ತು, ಹಾಕಿ, ಮತ್ತೆ ಕಿತ್ತು ನೋಡಿ. ಎಲ್ಲಿಯೂ ಸದ್ದು ಒಡೆಯದಿದ್ದರೆ ನಿಮ್ಮ ಯಂತ್ರ ಪಾವಗಡಕ್ಕೆ ಹೊರಡಲು ಸಿದ್ಧವಾಗಿದೆ. ನಿಜವಾಗಿ ಕರೆಂಟ್ ಹೋದಾಗ ಕಾಲಿನಿಂದ ಲೂಪನ್ನು ನಿಲ್ಲಿಸಿಬಿಡಿ, ಅಳಿಸಬೇಡಿ. ಜನರೇಟರ್ ಬಂದು ಆಂಪ್ಲಿಫೈಯರ್ ಹೊತ್ತಿಕೊಳ್ಳುವಾಗ ನಿಮ್ಮ ಕಡೆಯಿಂದ ಸದ್ದು ಹೋಗುತ್ತಿರಬಾರದು. ಮೈಕ್‌ಸೆಟ್‌ನವರು ಕೈ ಎತ್ತಿದ ಮೇಲೆ ಅದೇ ಲೂಪನ್ನು ಎತ್ತಿಕೊಳ್ಳಿ.

ಫುಟ್‌ಸ್ವಿಚ್ ಖಂಡಿತ ಕಟ್ಟಬಹುದು. ಆರ್ಡುಯಿನೊ ಪ್ರೊ ಮೈಕ್ರೊ ಎಂಬ, ನಾವೇ ಪ್ರೋಗ್ರಾಂ ಬರೆಯಬಹುದಾದ ಪುಟ್ಟ ಬೋರ್ಡಿನಲ್ಲಿರುವ ಎಟಿಮೆಗಾ32ಯು4 ಚಿಪ್ ನೇರವಾಗಿ ಯು.ಎಸ್.ಬಿ. ಮಿಡಿ ಸಾಧನವಾಗಿ ಕಾಣಿಸಿಕೊಳ್ಳುತ್ತದೆ, ಬೇರೆ ಡ್ರೈವರ್ ಬೇಕಿಲ್ಲ. ಅಂಗಡಿಗಳಲ್ಲಿ ಮೊದಲು ಕೈಗೆ ಸಿಗುವ ಊನೊ ಬೋರ್ಡಿಗೆ ಆ ಗುಣವಿಲ್ಲ, ಆದ್ದರಿಂದ ಕೇಳಿ ಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಒಮ್ಮೆ ಹೋದರೆ ಬೋರ್ಡ್, ಅಲ್ಯೂಮಿನಿಯಂ ಡಬ್ಬಿ, ಗುಂಡಿಗಳು ಎಲ್ಲವೂ ಒಂದೆಡೆ ಸಿಗುತ್ತವೆ. ಗುಂಡಿಗಳು ಒತ್ತಿದಾಗ ಮಾತ್ರ ಸಂಪರ್ಕ ಕೊಡುವ ಮೊಮೆಂಟರಿ ಜಾತಿಯವಾಗಿರಬೇಕು, ಒಮ್ಮೆ ಒತ್ತಿದರೆ ಕಚ್ಚಿಕೊಳ್ಳುವಂಥವು ಬೇಡ. ಟಕ್ ಎನ್ನದ ಮೆತ್ತನೆಯ ಗುಂಡಿ ಸಿಕ್ಕರೆ ಅದು ಮೈಕಿಗೂ ಕೇಳಿಸದು. ಪ್ರತಿ ಗುಂಡಿಯ ಒಂದು ಕಾಲನ್ನು ಬೋರ್ಡಿನ ಒಂದೊಂದು ಪಿನ್ನಿಗೂ ಇನ್ನೊಂದು ಕಾಲನ್ನು ಗ್ರೌಂಡಿಗೂ ಬೆಸೆಯಿರಿ, ಪಿನ್ನುಗಳನ್ನು ಪ್ರೋಗ್ರಾಂನಲ್ಲಿ ಇನ್‌ಪುಟ್ ಪುಲ್‌ಅಪ್ (ಚಿಪ್ಪಿನ ಒಳಗಿನ ರೆಸಿಸ್ಟರನ್ನೇ ಬಳಸುವ ಕ್ರಮ) ಎಂದು ಘೋಷಿಸಿದರೆ ಬೇರೆ ರೆಸಿಸ್ಟರ್ ಬೇಡ. ಗುಂಡಿಯ ಲೋಹಗಳು ಒಂದನ್ನೊಂದು ಮುಟ್ಟುವಾಗ ಕೆಲವು ಮಿಲಿಸೆಕೆಂಡ್ ಅದುರುತ್ತವೆ, ಅದರಿಂದ ಒಂದು ಒತ್ತು ಮೂರಾಗಿ ಎಣಿಕೆಯಾಗಬಹುದು. ಅದುರುವಿಕೆ ನಿಲ್ಲಲೆಂದು ಕಾಯ್ದು ಸಂದೇಶ ಕಳುಹಿಸಿದರೆ ಲೂಪಿನ ಅಂಚು ತಡವಾಗುತ್ತದೆ. ಮೊದಲ ಸ್ಪರ್ಶಕ್ಕೇ ಸಂದೇಶ ಕಳುಹಿಸಿ, ಮುಂದಿನ 30 ಮಿಲಿಸೆಕೆಂಡ್ ಆ ಗುಂಡಿಯನ್ನು ಕಡೆಗಣಿಸುವಂತೆ ಪ್ರೋಗ್ರಾಂ ಬರೆಯಿರಿ. ಆ ಬೋರ್ಡಿನ ಮೈಕ್ರೊ ಯು.ಎಸ್.ಬಿ. ಕಿಂಡಿ ಎಳೆದಾಟಕ್ಕೆ ಬೇಗ ಕಿತ್ತುಬರುತ್ತದೆ, ಆದ್ದರಿಂದ ಕೇಬಲನ್ನು ಡಬ್ಬಿಯ ಒಳಗೇ ಗಂಟುಹಾಕಿ ಬಿಗಿದು, ಕಿಂಡಿಯ ಸುತ್ತ ಅಂಟು ತುಂಬಿಬಿಡಿ. ಪ್ರೋಗ್ರಾಂ ಬರೆಯುವಲ್ಲಿ ತೊಡಕಾದರೆ ಇಲ್ಲಿಯೇ ಕೇಳಿ, ನನ್ನದನ್ನು ಹಾಕುತ್ತೇನೆ.